ಜೀವಕೋಶದ ಒಂದು ದಿನವನ್ನು ಹಾಳೆಯ ಮೇಲೆ ಬರೆದು ನೋಡಿ: ಕ್ಯಾನ್ಸರ್ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯುವ ಬಗೆ

ಕ್ಯಾನ್ಸರ್ ಎಂದರೆ ಜೀವಕೋಶಗಳು ಸಿಕ್ಕಾಪಟ್ಟೆ ವೇಗವಾಗಿ ಹೆಚ್ಚುವ ಕಾಯಿಲೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಅದು ಅರ್ಧ ಮಾತ್ರ ಸರಿ. ನಮ್ಮ ಕರುಳಿನ ಒಳಪದರ 3ರಿಂದ 5 ದಿನಕ್ಕೊಮ್ಮೆ ಹೊಸದಾಗುತ್ತದೆ. ಮೂಳೆಮಜ್ಜೆ ಪ್ರತಿ ಸೆಕೆಂಡಿಗೆ 20 ಲಕ್ಷಕ್ಕೂ ಜಾಸ್ತಿ ಕೆಂಪು ರಕ್ತಕಣ ತಯಾರಿಸುತ್ತದೆ. ಎಷ್ಟೋ ಗಡ್ಡೆಗಳು ಈ ವೇಗದ ಹತ್ತಿರವೂ ಬರುವುದಿಲ್ಲ. ಆದರೂ ಆರೋಗ್ಯವಂತ ಕರುಳು ದಿನದಿನಕ್ಕೆ ದಪ್ಪವಾಗುತ್ತಾ ಹೋಗುವುದಿಲ್ಲ, ಅಲ್ವಾ? ಹೋದಷ್ಟು ಕೋಶ ಮಾತ್ರ ಹುಟ್ಟುತ್ತವೆ, ಆಮೇಲೆ ನಿಲ್ಲುತ್ತವೆ. ಕ್ಯಾನ್ಸರ್ ಕೋಶಕ್ಕೆ ಇಲ್ಲದಿರುವುದು ಈ ನಿಲ್ಲುವ ಗುಣ.

ಎಲ್ಲಿ ನಿಲ್ಲಬೇಕು, ನಿಲ್ಲಿಸುವವರು ಯಾರು, ಅವರು ಹೇಗೆ ಸೋಲುತ್ತಾರೆ? ಇದನ್ನು ಸುಮ್ನೆ ಓದಿದರೆ ಹೆಸರುಗಳೆಲ್ಲ ಕಲಸಿಹೋಗುತ್ತವೆ. ಬರೆದು ನೋಡಿದರೆ ಮನಸ್ಸಿನಲ್ಲಿ ಉಳಿಯುತ್ತದೆ. ಒಂದು ದೊಡ್ಡ ಬಿಳಿ ಹಾಳೆ, ಪೆನ್ಸಿಲ್, ಕೆಂಪು ಪೆನ್ ತೆಗೆದುಕೊಳ್ಳಿ. ಕೆಂಪು ಪೆನ್ ಸದ್ಯಕ್ಕೆ ಪಕ್ಕದಲ್ಲಿರಲಿ.

ಹಂತ 1: ವೃತ್ತ ಬರೆಯಿರಿ

ಹಾಳೆಯ ನಡುವೆ ವೃತ್ತ ಬರೆದು 24 ಸಮಭಾಗ ಮಾಡಿ. ಒಂದು ಭಾಗಕ್ಕೆ ಒಂದು ಗಂಟೆ. ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಯುವ ಮನುಷ್ಯರ ಜೀವಕೋಶ ಒಂದರಿಂದ ಎರಡಾಗಲು ಸುಮಾರು ಒಂದು ದಿನ ತೆಗೆದುಕೊಳ್ಳುತ್ತದೆ.

ಮೇಲಿನಿಂದ ಶುರು ಮಾಡಿ ಬಲಕ್ಕೆ 11 ಭಾಗ ಗುರುತಿಸಿ, 'ಜಿ1' ಎಂದು ಬರೆಯಿರಿ. ಕೋಶ ಬೆಳೆಯುವ, ವಿಭಜನೆ ಬೇಕೋ ಬೇಡವೋ ಎಂದು ತೀರ್ಮಾನಿಸುವ ಸಮಯ ಇದು. ಮುಂದಿನ 8 ಭಾಗ 'ಎಸ್': ಡಿಎನ್‌ಎ ಪೂರ್ತಿ ನಕಲಾಗುತ್ತದೆ. ಆಮೇಲೆ 4 ಭಾಗ 'ಜಿ2': ನಕಲು ಸರಿಯಾಗಿದೆಯೇ ಎಂದು ನೋಡಿಕೊಳ್ಳುವ ಹೊತ್ತು. ಕೊನೆಯ ಒಂದೇ ಒಂದು ಭಾಗ 'ಎಂ': ಕೋಶ ನಿಜವಾಗಿ ಎರಡಾಗುವುದು ಆಗ. ಕೋಶದಿಂದ ಕೋಶಕ್ಕೆ ಈ ಗಂಟೆಗಳು ಬದಲಾಗುತ್ತವೆ, ಜಿ1 ಅಂತೂ ಬಹಳವೇ ಬದಲಾಗುತ್ತದೆ. ಆದರೆ ಕ್ರಮ ಬದಲಾಗುವುದಿಲ್ಲ.

ಸೂಕ್ಷ್ಮದರ್ಶಕದಲ್ಲಿ ಕಣ್ಣಿಗೆ ಕಾಣುವುದು ಆ ಕೊನೆಯ ಒಂದು ಗಂಟೆ ಮಾತ್ರ. ಅದಕ್ಕೇ ಬಹಳ ಕಾಲ ಉಳಿದ 23 ಗಂಟೆ ಕೋಶ ಸುಮ್ಮನಿರುತ್ತದೆ ಎಂದೇ ತಿಳಿದಿದ್ದರು. 1953ರಲ್ಲಿ ಆಲ್ಮಾ ಹೊವಾರ್ಡ್ ಮತ್ತು ಸ್ಟೀಫನ್ ಪೆಲ್ಕ್ ಬೀನ್ಸ್ ಜಾತಿಯ ಗಿಡದ ಬೇರಿಗೆ ವಿಕಿರಣಶೀಲ ರಂಜಕ ಉಣಿಸಿ, ಡಿಎನ್‌ಎ ನಕಲಾಗುವುದಕ್ಕೆ ಒಂದು ನಿರ್ದಿಷ್ಟ ಅವಧಿ ಇದೆ, ಅದರ ಹಿಂದೆ ಮುಂದೆ ಎರಡು ಬಿಡುವುಗಳಿವೆ ಎಂದು ತೋರಿಸಿದರು. ನಿಮ್ಮ ವೃತ್ತದ ನಾಲ್ಕು ಭಾಗ ಬಂದದ್ದು ಅಲ್ಲಿಂದ.

ಹಂತ 2: ವೃತ್ತದ ಹೊರಗೆ ಒಂದು ಚೌಕ

ಜಿ1 ಭಾಗದ ಪಕ್ಕ, ವೃತ್ತದ ಹೊರಗೆ, ಚೌಕ ಬರೆದು 'ಜಿ0' ಎಂದು ಹೆಸರಿಡಿ. ದೊಡ್ಡದಾಗಿಯೇ ಬರೆಯಿರಿ. ನಿಮ್ಮ ದೇಹದ ಬಹುಪಾಲು ಕೋಶಗಳು ಈ ಕ್ಷಣ ಇರುವುದು ಅಲ್ಲಿಯೇ. ನರಕೋಶಗಳಲ್ಲಿ ಹೆಚ್ಚಿನವು ಒಮ್ಮೆ ಅಲ್ಲಿಗೆ ಹೋದರೆ ಜೀವಮಾನದಲ್ಲಿ ವಾಪಸು ಬರುವುದಿಲ್ಲ. ಯಕೃತ್ತಿನ ಕೋಶಗಳು ಮಾತ್ರ ಕರೆದರೆ ಬರುತ್ತವೆ. ಯಕೃತ್ತಿನ ಒಂದು ಭಾಗ ಕತ್ತರಿಸಿ ದಾನ ಮಾಡಿದರೂ ಉಳಿದದ್ದು ಮತ್ತೆ ಬೆಳೆಯುವುದು ಇದೇ ಕಾರಣಕ್ಕೆ.

ವಿಭಜನೆಯಾಗದೆ ಇರುವುದೇ ಕೋಶದ ಸಹಜ ಸ್ಥಿತಿ. ವಿಭಜನೆಗೆ ಅಪ್ಪಣೆ ಬೇಕು. ಈ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ.

ಹಂತ 3: ವೃತ್ತವನ್ನು ಮುಂದೆ ತಳ್ಳುವವರು

ಇಲ್ಲಿ ಎರಡು ಬಗೆಯ ಪ್ರೋಟೀನುಗಳು ಜೋಡಿಯಾಗಿ ಕೆಲಸ ಮಾಡುತ್ತವೆ. ಒಂದರ ಹೆಸರು ಸಿಡಿಕೆ. ಇದು ಬೇರೆ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸಿ ಅವುಗಳ ಕೆಲಸವನ್ನು ಬದಲಿಸುತ್ತದೆ. ಆದರೆ ಒಂಟಿಯಾಗಿ ಏನೂ ಮಾಡಲಾರದು. ಅದಕ್ಕೆ ಸೈಕ್ಲಿನ್ ಎಂಬ ಇನ್ನೊಂದು ಪ್ರೋಟೀನ್ ಜೊತೆಯಾಗಬೇಕು. ಸಿಡಿಕೆ ಹೆಚ್ಚುಕಡಿಮೆ ಯಾವಾಗಲೂ ಇರುತ್ತದೆ, ಸೈಕ್ಲಿನ್ ಮಾತ್ರ ಬಂದು ಹೋಗುತ್ತದೆ. ಇದ್ದಾಗ ಕೆಲಸ ನಡೆಯುತ್ತದೆ, ಕರಗಿದಾಗ ನಿಲ್ಲುತ್ತದೆ.

ವೃತ್ತದ ಅಂಚಿನಲ್ಲಿ ಹೀಗೆ ಗುರುತು ಹಾಕಿ: ಜಿ1 ಉದ್ದಕ್ಕೂ ಸೈಕ್ಲಿನ್ ಡಿ, ಜಿ1 ಮುಗಿದು ಎಸ್ ಶುರುವಾಗುವಲ್ಲಿ ಸೈಕ್ಲಿನ್ ಇ, ಎಸ್ ಭಾಗದಲ್ಲಿ ಸೈಕ್ಲಿನ್ ಎ, ಜಿ2 ಕೊನೆಗೆ ಏರಿ ಎಂ ಮಧ್ಯೆ ದಿಢೀರನೆ ಮಾಯವಾಗುವುದು ಸೈಕ್ಲಿನ್ ಬಿ.

ಇದನ್ನು ಕಂಡುಹಿಡಿದ ಬಗೆ ಬಹಳ ಚೆನ್ನಾಗಿದೆ. 1982ರಲ್ಲಿ ಟಿಮ್ ಹಂಟ್ ಸೀ ಅರ್ಚಿನ್ ಎಂಬ ಮೈತುಂಬಾ ಮುಳ್ಳಿರುವ ಕಡಲಜೀವಿಯ ಮೊಟ್ಟೆಗಳನ್ನು ಪರೀಕ್ಷಿಸುತ್ತಿದ್ದರು. ಒಂದು ಪ್ರೋಟೀನ್ ಮಾತ್ರ ಪ್ರತಿ ವಿಭಜನೆಗೂ ಮುಂಚೆ ಹೆಚ್ಚಾಗಿ, ವಿಭಜನೆಯ ಹೊತ್ತಿಗೆ ಇಲ್ಲವಾಗುತ್ತಿತ್ತು. ಅದೇ ಸೈಕ್ಲಿನ್. ಅದಕ್ಕೂ ಮೊದಲೇ ಲೀಲ್ಯಾಂಡ್ ಹಾರ್ಟ್‌ವೆಲ್ ಈಸ್ಟ್‌ನಲ್ಲಿ, ವಿಭಜನೆಯ ಒಂದೊಂದು ಘಟ್ಟದಲ್ಲಿ ಸಿಕ್ಕಿಬೀಳುವ ತಳಿಗಳನ್ನು ಹುಡುಕಿ ತೆಗೆದು ಸಂಬಂಧಪಟ್ಟ ಜೀನ್‌ಗಳ ಪಟ್ಟಿಯನ್ನೇ ಮಾಡಿದ್ದರು. ಪಾಲ್ ನರ್ಸ್ ಅವರ ತಂಡ 1987ರಲ್ಲಿ, ವಿಭಜನೆಯಾಗಲಾರದ ಈಸ್ಟ್‌ಗೆ ಮನುಷ್ಯರ ಸಿಡಿಕೆ ಜೀನ್ ಹಾಕಿ ನೋಡಿತು. ಈಸ್ಟ್ ಮತ್ತೆ ವಿಭಜನೆಯಾಗತೊಡಗಿತು! ಈಸ್ಟ್‌ನ ವಂಶವೂ ನಮ್ಮದೂ ಬೇರೆಯಾಗಿ ನೂರು ಕೋಟಿ ವರ್ಷವಾದರೂ ಆಗಿದೆ. ಅಷ್ಟು ಕಾಲ ಈ ಯಂತ್ರ ಬದಲಾಗದೆ ಉಳಿದಿದೆ ಎಂದರೆ ಅದು ಎಷ್ಟು ಮುಖ್ಯ ಎಂದು ಬೇರೆ ಹೇಳಬೇಕಿಲ್ಲ. ಈ ಮೂವರಿಗೂ 2001ರಲ್ಲಿ ನೊಬೆಲ್ ಬಂತು.

ಹಂತ 4: ಮೊದಲ ತಡೆ, ಜಿ1 ಕೊನೆಯಲ್ಲಿ

ಜಿ1 ಮುಗಿಯುವ ಸ್ವಲ್ಪ ಮೊದಲು ಅಡ್ಡಗೆರೆ ಎಳೆದು 'ಆರ್‌ಬಿ' ಎಂದು ಬರೆಯಿರಿ. ಇಲ್ಲಿ ನಿಧಾನವಾಗಿ ಓದಿ. ಕ್ಯಾನ್ಸರ್‌ನ ಅರ್ಧ ವಿಷಯ ಇರುವುದು ಇದೇ ಗೆರೆಯಲ್ಲಿ.

ಆರ್‌ಬಿ ಒಂದು ಪ್ರೋಟೀನ್. ಇದು ಇ2ಎಫ್ ಎಂಬ ಮತ್ತೊಂದು ಪ್ರೋಟೀನನ್ನು ಹಿಡಿದುಕೊಂಡಿರುತ್ತದೆ. ಇ2ಎಫ್ ಬಿಡುಗಡೆಯಾದರೆ ಡಿಎನ್‌ಎ ನಕಲಿಗೆ ಬೇಕಾದ ಜೀನ್‌ಗಳೆಲ್ಲ ಕೆಲಸ ಶುರು ಮಾಡುತ್ತವೆ. ಹಾಗಾಗಿ ಆರ್‌ಬಿ ಹಿಡಿದಿರುವ ತನಕ ಕೋಶ ಎಸ್ ಭಾಗಕ್ಕೆ ಹೋಗುವಂತಿಲ್ಲ.

ಬಿಡಿಸುವುದು ಹೇಗೆ? ಗಾಯವಾಯಿತು ಎಂದುಕೊಳ್ಳಿ. ಅಲ್ಲಿಗೆ ಬಂದ ರಕ್ತಕಣಗಳು ಬೆಳವಣಿಗೆಯ ಸಂಕೇತ ಕೊಡುವ ಪ್ರೋಟೀನುಗಳನ್ನು ಬಿಡುತ್ತವೆ. ಅವು ಚರ್ಮದ ಕೋಶದ ಹೊರಮೈಯಲ್ಲಿರುವ, ಸಂಕೇತ ಹಿಡಿಯುವ 'ಗ್ರಾಹಕ' ಎಂಬ ಪ್ರೋಟೀನಿಗೆ ಅಂಟುತ್ತವೆ. ಗ್ರಾಹಕ ಒಳಗಿರುವ ರಾಸ್ ಎಂಬ ಪ್ರೋಟೀನನ್ನು ಎಬ್ಬಿಸುತ್ತದೆ. ರಾಸ್‌ನಿಂದ ಸುದ್ದಿ ಒಬ್ಬರಿಂದ ಒಬ್ಬರಿಗೆ ದಾಟಿ ಕೋಶಕೇಂದ್ರಕ್ಕೆ ಹೋಗುತ್ತದೆ. ಸೈಕ್ಲಿನ್ ಡಿ ತಯಾರಾಗುತ್ತದೆ. ಅದು ಸಿಡಿಕೆ4, ಸಿಡಿಕೆ6 ಜೊತೆ ಸೇರಿ ಆರ್‌ಬಿಗೆ ಫಾಸ್ಫೇಟ್ ಅಂಟಿಸುತ್ತದೆ. ಆರ್‌ಬಿ ಹಿಡಿತ ಸಡಿಲವಾಗುತ್ತದೆ, ಇ2ಎಫ್ ಹೊರಬರುತ್ತದೆ. ಹಾಳೆಯ ಎಡಕ್ಕೆ ಈ ಸಾಲನ್ನು ಬಾಣಗಳ ಜೊತೆ ಬರೆಯಿರಿ: ಸಂಕೇತ, ಗ್ರಾಹಕ, ರಾಸ್, ಸೈಕ್ಲಿನ್ ಡಿ, ಆರ್‌ಬಿ, ಇ2ಎಫ್.

ಈ ಗೆರೆ ದಾಟಿದ ಮೇಲೆ ಹೊರಗಿನ ಸಂಕೇತ ನಿಂತರೂ ಕೋಶ ಹಿಂದೆ ಬರುವುದಿಲ್ಲ. ಸುತ್ತು ಮುಗಿಸಿಯೇ ತೀರುತ್ತದೆ. 1974ರಲ್ಲಿ ಆರ್ಥರ್ ಪಾರ್ಡಿ ಇದನ್ನು ಗುರುತಿಸಿದರು. ಹಾಗಾಗಿ ದೇಹದ ಮಾತು ನಡೆಯುವುದು ಈ ಗೆರೆಯ ತನಕ ಮಾತ್ರ. ಮುಂದೆ ಏನಿದ್ದರೂ ಕೋಶದ ಒಳಗಿನ ತಪಾಸಣೆಗಳೇ ಗತಿ.

ಹಂತ 5: ಎರಡನೇ ತಡೆ, ಡಿಎನ್‌ಎ ಕೆಟ್ಟರೆ

ಒಂದು ಕೋಶದ ಡಿಎನ್‌ಎಯಲ್ಲಿ 600 ಕೋಟಿಗೂ ಹೆಚ್ಚು ಅಕ್ಷರಗಳಿವೆ. ಅಷ್ಟನ್ನೂ ಸುಮಾರು 8 ಗಂಟೆಯಲ್ಲಿ ನಕಲು ಮಾಡಬೇಕು. ಅದಕ್ಕೇ ಒಂದು ತುದಿಯಿಂದ ಶುರು ಮಾಡದೆ, ಸಾವಿರಾರು ಕಡೆ ಏಕಕಾಲಕ್ಕೆ ನಕಲು ಶುರುವಾಗುತ್ತದೆ. ತಪ್ಪು ತಿದ್ದುವ ಪ್ರೋಟೀನುಗಳು ಬೆನ್ನಿಗೇ ಬರುತ್ತವೆ. ಅವು ಕೆಲಸ ಮುಗಿಸಿದ ಮೇಲೆ ಉಳಿಯುವ ತಪ್ಪು ನೂರು ಕೋಟಿ ಅಕ್ಷರಕ್ಕೆ ಒಂದರ ಆಸುಪಾಸು, ಇಲ್ಲವೇ ಇನ್ನೂ ಕಡಿಮೆ.

ನಕಲಿನ ತಪ್ಪಲ್ಲದೆ ಬಿಸಿಲಿನ ನೇರಳಾತೀತ ಕಿರಣ, ತಂಬಾಕಿನ ಹೊಗೆ, ಕೋಶದೊಳಗೇ ಹುಟ್ಟುವ ರಾಸಾಯನಿಕಗಳು ಕೂಡ ಡಿಎನ್‌ಎಯನ್ನು ಕೆಡಿಸುತ್ತವೆ. ಆಗ ಎಚ್ಚರಗೊಳ್ಳುವುದು ಪಿ53. ವೃತ್ತದಲ್ಲಿ ಎರಡು ಕಡೆ, ಎಸ್ ಭಾಗಕ್ಕೆ ಮೊದಲು ಮತ್ತು ಜಿ2 ಕೊನೆಗೆ, 'ಪಿ53' ಎಂದು ಬರೆಯಿರಿ. ಸಾಮಾನ್ಯ ದಿನಗಳಲ್ಲಿ ಕೋಶ ಇದನ್ನು ತಯಾರಿಸಿದ ಹಾಗೇ ನಾಶಮಾಡುತ್ತಿರುತ್ತದೆ. ಡಿಎನ್‌ಎ ತುಂಡಾಯಿತು ಎಂಬ ಸುದ್ದಿ ಬಂದ ಕೂಡಲೇ ನಾಶ ನಿಲ್ಲುತ್ತದೆ, ಪಿ53 ತುಂಬಿಕೊಳ್ಳುತ್ತದೆ. ಅದು ಪಿ21 ಎಂಬ ಪ್ರೋಟೀನನ್ನು ಹುಟ್ಟಿಸುತ್ತದೆ. ಪಿ21 ಹೋಗಿ ಸೈಕ್ಲಿನ್-ಸಿಡಿಕೆ ಜೋಡಿಗೆ ಅಂಟಿ ಕೆಲಸ ನಿಲ್ಲಿಸುತ್ತದೆ. ದುರಸ್ತಿಗೆ ಸಮಯ ಸಿಗುತ್ತದೆ. ದುರಸ್ತಿ ಆಗದಷ್ಟು ಹಾನಿಯಾಗಿದ್ದರೆ ಪಿ53 ಆ ಕೋಶಕ್ಕೆ ಸಾಯಲು ಹೇಳುತ್ತದೆ. ಅಕ್ಕಪಕ್ಕಕ್ಕೆ ತೊಂದರೆ ಕೊಡದೆ ಕೋಶ ಒಳಗಿಂದೊಳಗೇ ಕಳಚಿಕೊಂಡು ಸಾಯುತ್ತದೆ.

ಆನೆಯ ಉದಾಹರಣೆ ಹೇಳದೆ ಮುಂದೆ ಹೋಗಲು ಮನಸ್ಸು ಬರುತ್ತಿಲ್ಲ. ಆನೆಯ ದೇಹದಲ್ಲಿ ನಮಗಿಂತ ಎಷ್ಟೋ ಪಟ್ಟು ಜಾಸ್ತಿ ಕೋಶಗಳಿವೆ, ಆಯಸ್ಸೂ ಕಡಿಮೆಯೇನಲ್ಲ. ಲೆಕ್ಕದ ಪ್ರಕಾರ ಅದಕ್ಕೆ ಕ್ಯಾನ್ಸರ್ ಬಹಳ ಬರಬೇಕು. ಬರುವುದು ಕಡಿಮೆ. ನಮಗೆ ಪಿ53 ಜೀನ್ ಒಂದು ಜೋಡಿ ಇದ್ದರೆ ಆನೆಗೆ 20 ಜೋಡಿ ಇವೆ ಎಂದು 2015ರಲ್ಲಿ ಗೊತ್ತಾಯಿತು. ಡಿಎನ್‌ಎ ಕೆಟ್ಟರೆ ಆನೆಯ ಕೋಶ ನಮ್ಮ ಕೋಶಕ್ಕಿಂತ ಬೇಗ ಸಾಯುತ್ತದೆ.

ಹಂತ 6: ಮೂರನೇ ತಡೆ, ಹಂಚಿಕೆಯ ಹೊತ್ತಿಗೆ

ಎಂ ಭಾಗದ ನಡುವೆ ಒಂದು ಗೆರೆ ಎಳೆಯಿರಿ. ಡಿಎನ್‌ಎ ಸುತ್ತಿಕೊಂಡಿರುವ ಕಟ್ಟುಗಳಿಗೆ ವರ್ಣತಂತು (ಕ್ರೋಮೋಸೋಮ್) ಎಂದು ಹೆಸರು. ಈಗ 46 ವರ್ಣತಂತುಗಳೂ ನಕಲಾಗಿ ಜೋಡಿಜೋಡಿಯಾಗಿ ನಿಂತಿವೆ. ಎರಡು ಕಡೆಯಿಂದ ಎಳೆಗಳು ಬಂದು ಪ್ರತಿ ಜೋಡಿಯನ್ನೂ ಹಿಡಿದುಕೊಳ್ಳಬೇಕು. ಒಂದೇ ಒಂದು ವರ್ಣತಂತುವಿಗೆ ಎಳೆ ಸಿಕ್ಕದಿದ್ದರೂ ಅದು 'ತಡೆಯಿರಿ' ಎಂಬ ಸಂಕೇತ ಕಳಿಸುತ್ತಲೇ ಇರುತ್ತದೆ. ಇಡೀ ಕೋಶ ಕಾಯುತ್ತದೆ. ಎಲ್ಲವೂ ಸಿಕ್ಕ ಮೇಲೆ ಸೈಕ್ಲಿನ್ ಬಿ ನಾಶವಾಗುತ್ತದೆ, ಜೋಡಿಗಳು ಬಿಡಿಸಿಕೊಂಡು ಆಚೀಚೆ ಹೋಗುತ್ತವೆ.

ಈ ತಡೆ ದುರ್ಬಲವಾದರೆ ಒಂದು ಕೋಶಕ್ಕೆ 45, ಇನ್ನೊಂದಕ್ಕೆ 47 ಹೋಗಬಹುದು. ಗಡ್ಡೆ ಕಟ್ಟುವ ಬಹುಪಾಲು ಕ್ಯಾನ್ಸರ್‌ಗಳಲ್ಲಿ ವರ್ಣತಂತುಗಳ ಲೆಕ್ಕ ತಪ್ಪಿರುತ್ತದೆ. ಜರ್ಮನಿಯ ಥಿಯೊಡೋರ್ ಬೊವೆರಿ ಇದೇ ಸೀ ಅರ್ಚಿನ್ ಮೊಟ್ಟೆಗಳನ್ನು ನೋಡುತ್ತಾ, ವರ್ಣತಂತುಗಳ ತಪ್ಪು ಹಂಚಿಕೆಯೇ ಕ್ಯಾನ್ಸರಿಗೆ ಮೂಲ ಇರಬಹುದು ಎಂದು 1914ರಲ್ಲೇ ಬರೆದಿದ್ದರು. ಡಿಎನ್‌ಎ ರಚನೆ ತಿಳಿಯುವುದಕ್ಕೆ ಆಗ ಇನ್ನೂ 39 ವರ್ಷ ಬಾಕಿಯಿತ್ತು.

ಹಂತ 7: ಸುತ್ತುಗಳ ಎಣಿಕೆ

ವೃತ್ತದ ಕೆಳಗೆ '40ರಿಂದ 60' ಎಂದು ಬರೆಯಿರಿ. ತಟ್ಟೆಯಲ್ಲಿ ಬೆಳೆಸಿದ ಮನುಷ್ಯರ ಸಾಮಾನ್ಯ ಕೋಶಗಳು ಸುಮಾರು ಇಷ್ಟು ಸಲ ವಿಭಜನೆಯಾಗಿ ನಿಂತುಬಿಡುತ್ತವೆ ಎಂದು 1961ರಲ್ಲಿ ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ ತೋರಿಸಿದರು. ವರ್ಣತಂತುಗಳ ತುದಿಯಲ್ಲಿ ಟೆಲೊಮಿಯರ್ ಎಂಬ ಭಾಗವಿದೆ. ಪ್ರತಿ ಸುತ್ತಿನಲ್ಲೂ ಅದು ಸ್ವಲ್ಪ ಸವೆಯುತ್ತದೆ. ತೀರಾ ಮೋಟಾದಾಗ ಪಿ53 ಮತ್ತು ಆರ್‌ಬಿ ಮುಂದೆ ಬಂದು ಕೋಶವನ್ನು ನಿಲ್ಲಿಸುತ್ತವೆ. ಸುಮಾರು 85ರಿಂದ 90 ಶೇಕಡಾ ಕ್ಯಾನ್ಸರ್‌ಗಳು ತುದಿಯನ್ನು ಮತ್ತೆ ಬೆಳೆಸುವ ಟೆಲೊಮರೇಸ್ ಎಂಬ ಕಿಣ್ವವನ್ನು ಎಬ್ಬಿಸಿಕೊಂಡಿರುತ್ತವೆ. ಅಲ್ಲಿಗೆ ಎಣಿಕೆ ಮುಗಿಯುವುದೇ ಇಲ್ಲ.

ಹಂತ 8: ಈಗ ಕೆಂಪು ಪೆನ್

ಮೊದಲು ಎಡಗಡೆ ಬಾಣದ ಸಾಲಿನಲ್ಲಿ 'ರಾಸ್' ಸುತ್ತ ಕೆಂಪು ಗುರುತು ಹಾಕಿ. ರಾಸ್ ಎದ್ದು ಸುದ್ದಿ ದಾಟಿಸಿದ ಮೇಲೆ ತಾನಾಗಿ ಮಲಗಬೇಕು. 1982ರಲ್ಲಿ ಮನುಷ್ಯರ ಮೂತ್ರಕೋಶದ ಕ್ಯಾನ್ಸರ್ ಕೋಶವೊಂದರಲ್ಲಿ ವಿಜ್ಞಾನಿಗಳು ಕಂಡದ್ದು, ಈ ಜೀನ್‌ನ ಒಂದೇ ಒಂದು ಅಕ್ಷರ ಬದಲಾಗಿತ್ತು. ಅಷ್ಟಕ್ಕೇ ರಾಸ್ ಮಲಗುವುದನ್ನು ಮರೆತಿತ್ತು. ಹೊರಗೆ ಸಂಕೇತವೇ ಇಲ್ಲ, ಒಳಗೆ ಮಾತ್ರ 'ಬೆಳೆ, ಬೆಳೆ' ಎಂಬ ಸುದ್ದಿ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಲ್ಲಿ ಸುಮಾರು ಶೇ 90ರಷ್ಟು ರೋಗಿಗಳ ಗಡ್ಡೆಯಲ್ಲಿ ರಾಸ್ ಕುಟುಂಬದ ಜೀನ್ ಹೀಗೆ ಕೆಟ್ಟಿರುತ್ತದೆ. ಕೆಟ್ಟ ರಾಸ್‌ನ ಒಂದು ಬಗೆಯನ್ನು ನೇರವಾಗಿ ಹಿಡಿಯುವ ಮೊದಲ ಔಷಧಿಗೆ ಅನುಮತಿ ಸಿಕ್ಕಿದ್ದು 2021ರಲ್ಲಿ. ನಡುವೆ 39 ವರ್ಷ ಹೋಯಿತು.

ತಳ್ಳುವ ಜೀನ್‌ನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಸಾಕು, ಅದು ತಳ್ಳುತ್ತಲೇ ಇರುತ್ತದೆ. ತಡೆಯುವ ಜೀನ್‌ಗಳ ಲೆಕ್ಕ ಬೇರೆ. ಅದು ಎರಡು ಬೀಗ ಹಾಕಿದ ಬಾಗಿಲಿನಂತೆ: ಒಂದು ಬೀಗ ಮುರಿದರೂ ಬಾಗಿಲು ತೆರೆಯದು, ಎರಡೂ ಮುರಿಯಬೇಕು. ಆಲ್‌ಫ್ರೆಡ್ ನಡ್ಸನ್ ಇದನ್ನು 1971ರಲ್ಲಿ ಬರೀ ಲೆಕ್ಕದಿಂದ ಕಂಡುಕೊಂಡರು. ಮಕ್ಕಳ ಕಣ್ಣಿನ ಕ್ಯಾನ್ಸರ್ ರೆಟಿನೊಬ್ಲಾಸ್ಟೊಮಾದ 48 ಪ್ರಕರಣಗಳನ್ನು ಅವರು ನೋಡಿದರು. ವಂಶದಿಂದ ಬಂದ ಮಕ್ಕಳಿಗೆ ರೋಗ ಬೇಗ ಬರುತ್ತಿತ್ತು, ಹೆಚ್ಚಾಗಿ ಎರಡೂ ಕಣ್ಣಿಗೆ. ಉಳಿದವರಿಗೆ ತಡವಾಗಿ, ಒಂದೇ ಕಣ್ಣಿಗೆ. ಮೊದಲನೇ ಗುಂಪಿನ ಮಕ್ಕಳಿಗೆ ಹುಟ್ಟುವಾಗಲೇ ಒಂದು ಪ್ರತಿ ಕೆಟ್ಟಿದೆ, ಇನ್ನೊಂದು ಕೆಟ್ಟರೆ ಸಾಕು ಎಂದು ಅವರು ತರ್ಕಿಸಿದರು. 1986ರಲ್ಲಿ ಆ ಜೀನ್ ಸಿಕ್ಕಿತು. ಅದೇ ನೀವು ಹಂತ 4ರಲ್ಲಿ ಬರೆದ ಆರ್‌ಬಿ. ಅದರ ಮೇಲೂ ಕೆಂಪು ಗುರುತು ಹಾಕಿ.

ಮೂರನೇ ಗುರುತು ಪಿ53 ಮೇಲೆ. ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಅರ್ಧದಷ್ಟರಲ್ಲಿ ಈ ಜೀನ್ ಕೆಟ್ಟಿರುತ್ತದೆ. ಇಷ್ಟು ಸಲ ಕೆಡುವ ಜೀನ್ ಇನ್ನೊಂದಿಲ್ಲ. ಪಿ53 ಹೋದರೆ ಹಾನಿಯಾದ ಡಿಎನ್‌ಎ ಇಟ್ಟುಕೊಂಡೇ ಕೋಶ ಮುಂದೆ ಹೋಗುತ್ತದೆ, ಆಮೇಲೆ ಬೇರೆ ತಪ್ಪುಗಳೂ ಬೇಗ ಬೇಗ ಸೇರುತ್ತವೆ.

ಜೀನ್ ಕೆಡದೆಯೇ ಈ ಎರಡೂ ತಡೆ ಹೋಗಬಹುದು. ಗರ್ಭಕೊರಳಿನ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ ಮಾಡುವುದು ಇದನ್ನೇ. ಅದರ ಇ6 ಪ್ರೋಟೀನ್ ಪಿ53ಯನ್ನು ನಾಶಮಾಡಿಸುತ್ತದೆ, ಇ7 ಆರ್‌ಬಿಯನ್ನು ಇ2ಎಫ್‌ನಿಂದ ಕಿತ್ತುಹಾಕುತ್ತದೆ. 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಅಮೆರಿಕದ ಮಹಿಳೆಯ ಗಡ್ಡೆಯಿಂದ, ಅವರನ್ನು ಕೇಳದೆಯೇ, ಕೋಶಗಳನ್ನು ತೆಗೆದರು. ಅವರು ಅದೇ ವರ್ಷ ತೀರಿಕೊಂಡರು. ಹೀಲಾ ಎಂಬ ಹೆಸರಿನ ಆ ಕೋಶಗಳು ಇಂದಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ವಿಭಜನೆಯಾಗುತ್ತಿವೆ. ಅವುಗಳೊಳಗೆ ಇರುವುದು ಎಚ್‌ಪಿವಿ 18. ಈ ವೈರಸ್‌ಗೆ 2006ರಿಂದ ಲಸಿಕೆ ಇದೆ. ಸೋಂಕು ತಗಲುವ ಮೊದಲೇ, ಹದಿಹರೆಯದ ಹೊಸ್ತಿಲಲ್ಲಿ, ಅದನ್ನು ಹಾಕಿಸಿದರೆ ಈ ಎರಡು ಪ್ರೋಟೀನುಗಳನ್ನು ವೈರಸ್ ಮುಟ್ಟುವ ಅವಕಾಶ ಬಹಳ ಕಡಿಮೆಯಾಗುತ್ತದೆ. ಮನೆಯಲ್ಲಿ ಆ ವಯಸ್ಸಿನ ಮಕ್ಕಳಿದ್ದರೆ ವೈದ್ಯರನ್ನು ಖಂಡಿತ ಕೇಳಿ.

ಒಂದು ಕೆಂಪು ಗುರುತಿಗೆ ಸಾಮಾನ್ಯವಾಗಿ ಕ್ಯಾನ್ಸರ್ ಆಗುವುದಿಲ್ಲ ಎಂಬುದನ್ನೂ ಗಮನಿಸಿ. ದೊಡ್ಡ ಕರುಳಿನಲ್ಲಿ ಬಹಳ ಸಲ ಮೊದಲು ಎಪಿಸಿ ಎಂಬ ಜೀನ್ ಕೆಟ್ಟು ಸಣ್ಣ ಗಂಟು ಏಳುತ್ತದೆ. ಆಮೇಲೆ ರಾಸ್ ಕೆಟ್ಟು ಗಂಟು ದೊಡ್ಡದಾಗುತ್ತದೆ. ಕೊನೆಕೊನೆಗೆ ಪಿ53 ಹೋಗುತ್ತದೆ. ಇದೆಲ್ಲ ಆಗಲು ವರ್ಷಗಟ್ಟಲೆ ಬೇಕು. ವಯಸ್ಸಾದಂತೆ ಕ್ಯಾನ್ಸರ್ ಜಾಸ್ತಿಯಾಗುವುದು ಇದರಿಂದ. ಗಂಟು ಇನ್ನೂ ಗಂಟಾಗಿರುವಾಗಲೇ ಕೊಲೊನೊಸ್ಕೋಪಿಯಲ್ಲಿ ತೆಗೆದುಹಾಕಿದರೆ ಕ್ಯಾನ್ಸರನ್ನು ತಪ್ಪಿಸಬಹುದು ಎನ್ನುವುದೂ ಇದರಿಂದಲೇ.

ಹಂತ 9: ಬಯಾಪ್ಸಿ ವರದಿ ಓದುವಾಗ

ನಿಮ್ಮ ಹಾಳೆ ಈಗ ಉಪಯೋಗಕ್ಕೆ ಬರುತ್ತದೆ. ವರದಿಯಲ್ಲಿ 'ಕೆಐ-67' ಎಂದು ಕಂಡರೆ, ಅದು ಜಿ0ಯಲ್ಲಿರುವ ಕೋಶದಲ್ಲಿ ಇರದ, ವೃತ್ತದೊಳಗಿರುವ ಕೋಶದಲ್ಲಿ ಇರುವ ಪ್ರೋಟೀನ್. ಶೇ 20 ಎಂದಿದ್ದರೆ ನೂರು ಗಡ್ಡೆಕೋಶಗಳಲ್ಲಿ 20 ವೃತ್ತದೊಳಗಿವೆ ಎಂದರ್ಥ. ಅವು ಎಷ್ಟು ವೇಗವಾಗಿ ಸುತ್ತುತ್ತಿವೆ ಎಂಬುದನ್ನು ಅದು ಹೇಳುವುದಿಲ್ಲ. 'ಮೈಟೋಟಿಕ್ ಕೌಂಟ್' ಎಂದರೆ ಎಂ ಭಾಗದಲ್ಲಿ ಸಿಕ್ಕಿದ ಕೋಶಗಳ ಎಣಿಕೆ. 'ಎಚ್‌ಇಆರ್2' ಹಂತ 4ರ ಸಾಲಿನಲ್ಲಿ ಬರುವ ಒಂದು ಗ್ರಾಹಕ. ಇವುಗಳಲ್ಲಿ ಒಂದೇ ಅಂಕಿ ಹಿಡಿದುಕೊಂಡು ಹೆದರಬೇಡಿ, ಸಮಾಧಾನವನ್ನೂ ಪಡಬೇಡಿ. ವೈದ್ಯರು ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡುತ್ತಾರೆ. ಆದರೆ 'ಇದು ವೃತ್ತದ ಯಾವ ಜಾಗ?' ಎಂದು ಕೇಳುವ ಹಕ್ಕು ನಿಮಗಿದೆ.

ಹಂತ 10: ಔಷಧಿಗಳನ್ನು ಅವುಗಳ ಜಾಗದಲ್ಲಿ ಬರೆಯಿರಿ

ಮೆಥೊಟ್ರೆಕ್ಸೇಟ್, 5-ಫ್ಲೂರೊಯುರಾಸಿಲ್ ಎಸ್ ಭಾಗದಲ್ಲಿ ಡಿಎನ್‌ಎ ನಕಲಿಗೆ ಅಡ್ಡಿಮಾಡುತ್ತವೆ. ಪ್ಯಾಕ್ಲಿಟ್ಯಾಕ್ಸೆಲ್, ವಿಂಕ್ರಿಸ್ಟಿನ್ ಎಂ ಭಾಗದ ಎಳೆಗಳನ್ನು ಕೆಡಿಸುತ್ತವೆ. ಇವು ವೃತ್ತದಲ್ಲಿರುವ ಯಾವ ಕೋಶವನ್ನೂ ಬಿಡುವುದಿಲ್ಲ. ಕೀಮೊ ತೆಗೆದುಕೊಂಡವರಿಗೆ ಕೂದಲು ಉದುರುವುದು, ಬಾಯಿ ಹುಣ್ಣಾಗುವುದು, ರಕ್ತಕಣ ಕಡಿಮೆಯಾಗುವುದು ಅದರಿಂದ. ಕೂದಲಿನ ಬುಡ, ಬಾಯಿಯ ಪದರ, ಮಜ್ಜೆ ಮೂರೂ ದಿನವೂ ವಿಭಜನೆಯಾಗುವ ಜಾಗಗಳು.

ಟ್ರಾಸ್ಟುಜುಮ್ಯಾಬ್ ಎಚ್‌ಇಆರ್2 ಗ್ರಾಹಕವನ್ನೇ ಮುಚ್ಚುತ್ತದೆ. ಅದಕ್ಕೆ ಅಮೆರಿಕದಲ್ಲಿ 1998ರಲ್ಲಿ ಅನುಮತಿ ಸಿಕ್ಕಿತು. ಇನ್ನು ಪಾಲ್ಬೊಸಿಕ್ಲಿಬ್ ಅನ್ನು ಜಿ1 ಕೊನೆಯ ಗೆರೆಯ ಪಕ್ಕ ಬರೆಯಿರಿ. ಅಮೆರಿಕದಲ್ಲಿ ಇದಕ್ಕೆ ಅನುಮತಿ ಸಿಕ್ಕಿದ್ದು 2015ರಲ್ಲಿ. ಕೆಲವು ಬಗೆಯ ಸ್ತನ ಕ್ಯಾನ್ಸರಿಗೆ ಹಾರ್ಮೋನ್ ತಡೆಯುವ ಔಷಧಿಯ ಜೊತೆ ಕೊಡುತ್ತಾರೆ. ಇದು ಸಿಡಿಕೆ4, ಸಿಡಿಕೆ6ನ್ನು ತಡೆಯುತ್ತದೆ. ಆರ್‌ಬಿಗೆ ಫಾಸ್ಫೇಟ್ ಅಂಟುವುದಿಲ್ಲ, ಇ2ಎಫ್ ಬಿಡುಗಡೆಯಾಗುವುದಿಲ್ಲ, ಕೋಶ ಗೆರೆಯ ಈಚೆಗೇ ನಿಲ್ಲುತ್ತದೆ. ಇಲ್ಲಿ ಒಂದು ಷರತ್ತಿದೆ, ನಿಮ್ಮ ಹಾಳೆ ನೋಡಿದರೆ ನಿಮಗೇ ಹೊಳೆಯುತ್ತದೆ. ಆರ್‌ಬಿ ಇದ್ದರೆ ಮಾತ್ರ ಈ ಮಾತ್ರೆ ಕೆಲಸ ಮಾಡುತ್ತದೆ. ಆರ್‌ಬಿಯನ್ನು ಪೂರ್ತಿ ಕಳೆದುಕೊಂಡ ಗಡ್ಡೆಯಲ್ಲಿ ಇ2ಎಫ್ ಆಗಲೇ ಹೊರಗಿರುತ್ತದೆ, ಸಿಡಿಕೆ4ನ್ನು ತಡೆದು ಫಲವಿಲ್ಲ. ಮಾತ್ರೆ ಮೊದಮೊದಲು ಚೆನ್ನಾಗಿ ಕೆಲಸ ಮಾಡಿ ಆಮೇಲೆ ಸೋಲುವ ಕೆಲವರ ಗಡ್ಡೆಯನ್ನು ಮತ್ತೆ ಪರೀಕ್ಷಿಸಿದಾಗ, ನಡುವೆ ಅದು ಆರ್‌ಬಿಯನ್ನು ಕಳೆದುಕೊಂಡಿರುವುದು ಕಂಡುಬಂದಿದೆ. ಅಂಥವರಿಗೆ ವೈದ್ಯರು ವೃತ್ತದ ಬೇರೆ ಜಾಗದಲ್ಲಿ ಕೆಲಸ ಮಾಡುವ ಔಷಧಿಯನ್ನು ಹುಡುಕಬೇಕಾಗುತ್ತದೆ.